ಕಳಲೆಯ ಲೆಕ್ಕವೂ ಅರ್ಥಶಾಸ್ತ್ರವೇ: ಕುಲಪತಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,



ಅರ್ಥಶಾಸ್ತ್ರದ ಎಂ.ಎ. ತರಗತಿಗೆ ‘ಪಾರಿಸರಿಕ ಅರ್ಥಶಾಸ್ತ್ರ’ ಎಂಬ ಹೊಸ ಪತ್ರಿಕೆ ಸೇರಿಸುವ ಪ್ರಸ್ತಾವ ತಮ್ಮ ಮುಂದಿದೆ. ಅಧ್ಯಯನ ಮಂಡಳಿಯಲ್ಲಿ ಬಂದ ಆಕ್ಷೇಪ ಒಂದೇ: ‘ಪರಿಸರ ಅರ್ಥಶಾಸ್ತ್ರ ಆಗಲೇ ಇದೆಯಲ್ಲ, ಅದರಲ್ಲೇ ಒಂದು ಘಟಕ ಮಾಡಿದರೆ ಸಾಲದೇ?’ ಸಾಲದು. ಯಾಕೆಂದು ಹೇಳುವುದಕ್ಕೇ ಈ ಪತ್ರ.

ಈಗಿರುವ ಪತ್ರಿಕೆ ಮಾಲಿನ್ಯಕ್ಕೆ ಎಷ್ಟು ತೆರಿಗೆ ಹಾಕಬೇಕು, ಕೆರೆಗೆ ಹೇಗೆ ಬೆಲೆ ಕಟ್ಟಬೇಕು ಎಂದು ಕಲಿಸುತ್ತದೆ. ಬೇಕಾದ ವಿದ್ಯೆಯೇ. ಆದರೆ ಅದು ಪೇಟೆಯಲ್ಲಿ ನಿಂತು ಕಾಡನ್ನು ನೋಡುತ್ತದೆ. ಹೊಸ ಪತ್ರಿಕೆ ಕಾಡು, ನೀರು, ಮಣ್ಣಿನಲ್ಲಿ ನಿಂತು ಪೇಟೆಯನ್ನು ನೋಡುತ್ತದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಜಾರ್ಜೆಸ್ಕು-ರೋಗನ್ 1971ರ ತಮ್ಮ ಗ್ರಂಥದಲ್ಲಿ ಭೌತವಿಜ್ಞಾನದ ಎಂಟ್ರೊಪಿ ನಿಯಮವನ್ನು ಅರ್ಥಶಾಸ್ತ್ರದ ಬುಡಕ್ಕೇ ತಂದರು. ಆ ನಿಯಮದ ಸಾರ ಇಷ್ಟೇ: ಉರಿದ ಸೌದೆ ಮತ್ತೆ ಸೌದೆಯಾಗದು. ನಾವು ಕಲಿಸುತ್ತ ಬಂದ ಉತ್ಪಾದನಾ ಸಮೀಕರಣಗಳಲ್ಲಿ ಈ ಸತ್ಯಕ್ಕೆ ಜಾಗವಿಲ್ಲ. ಅವರ ಶಿಷ್ಯ ಹರ್ಮನ್ ಡೇಲಿ, ಆರ್ಥಿಕತೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಭೂಮಿಯೇ ಎಲ್ಲೆ ಎಂದು ಬದುಕಿಡೀ ವಾದಿಸಿದರು.

ಇದನ್ನು ಕಲಿಸಲು ನಾವು ದೂರದ ಉದಾಹರಣೆ ಹುಡುಕಬೇಕಿಲ್ಲ. 1958ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಕಾಡಿನ ಬಿದಿರು ಟನ್ನಿಗೆ 1.50 ರೂಪಾಯಿಯಂತೆ ಸಿಕ್ಕಿತು. ಬುಟ್ಟಿ, ಮೊರ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಿತ್ತು. ಬಿದಿರು ಬರಿದಾಗುತ್ತ ಬಂದು ಮೇದಾರರು ದನಿಯೆತ್ತಿದ ಮೇಲೆ, 1970ರ ದಶಕದಲ್ಲಿ, ರಾಜ್ಯ ಸರ್ಕಾರದ ಕೋರಿಕೆಯಂತೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಯನಕ್ಕೆ ಇಳಿದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ನಂಬಿಕೆಯಾಗಿತ್ತು. ಊರವರು ಹೇಳುತ್ತಿದ್ದುದೇ ಬೇರೆ: ಮುಳ್ಳು ಹೋದರೆ ಕಳಲೆಗೆ ಕಾವಲಿಲ್ಲ, ದನವೂ ಕಾಡುಪ್ರಾಣಿಗಳೂ ಎಳೆಯದರಲ್ಲೇ ತಿಂದುಬಿಡುತ್ತವೆ. ಅಧ್ಯಯನದಲ್ಲಿ ನಿಜವೆಂದು ಕಂಡುಬಂದದ್ದು ಊರವರ ಮಾತು.

ಆ ಒಂದೂವರೆ ರೂಪಾಯಿಯಲ್ಲಿ ಕಳಲೆಯ ಲೆಕ್ಕವಿರಲಿಲ್ಲ, ಮೇದಾರರ ಒಲೆಯ ಲೆಕ್ಕವೂ ಇರಲಿಲ್ಲ. ತಯಾರಾದ ಕಾಗದ ವರಮಾನವೆಂದು ಜಮೆಯಾಯಿತು. ಕರಗಿದ ಮೆಳೆಯನ್ನು ಯಾವ ಕಡತದಲ್ಲೂ ಖರ್ಚೆಂದು ಬರೆಯಲಿಲ್ಲ. ಬೇಡಿಕೆಯ ರೇಖೆಯನ್ನು ಕಣ್ಣುಮುಚ್ಚಿ ಎಳೆಯಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಕತೆ ಗೊತ್ತಿಲ್ಲ. ಆ ತಪ್ಪು ಅವರದಲ್ಲ, ಪಾಠ ಹೇಳುವ ನಮ್ಮದು.

ಆದ್ದರಿಂದಲೇ ಈ ಪತ್ರಿಕೆಯ ಜೀವವಿರುವುದು ಕ್ಷೇತ್ರಕಾರ್ಯದಲ್ಲಿ. ನಾಲ್ಕು ಕ್ರೆಡಿಟ್‌ಗಳಲ್ಲಿ ಒಂದನ್ನಾದರೂ ಹೊರಗೆ ಕಲಿಯಲು ಮೀಸಲಿಡಿ. ಕೆರೆಯಲ್ಲಿ ಎಷ್ಟು ಹೂಳಿದೆ, ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ವರ್ಷಕ್ಕೆ ಎಷ್ಟು ಹೊರೆ ಸೊಪ್ಪು ಇಳಿಯುತ್ತದೆ, ಕೊಳವೆಬಾವಿಯನ್ನು ಎಷ್ಟು ಅಡಿ ಕೊರೆದರೆ ನೀರು ಸಿಕ್ಕಿತು ಎಂಬುದನ್ನು ವಿದ್ಯಾರ್ಥಿಗಳು ತಾವೇ ಕೇಳಿ, ಅಳೆದು ಬರೆಯಲಿ. ಸಸ್ಯಶಾಸ್ತ್ರದವರೂ ನಾವೂ ಕೂಡಿ ಪಾಠ ಮಾಡಲು ಒಪ್ಪಿಗೆ ಕೊಡಿ. ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಪಠ್ಯವನ್ನು ನಾವೇ ಬರೆದುಕೊಡುತ್ತೇವೆ.

ವಿದ್ಯಾರ್ಥಿಗಳನ್ನು ಊರೂರು ಸುತ್ತಿಸುವುದು ಅರ್ಥಶಾಸ್ತ್ರದ ಕೆಲಸವೇ ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪನವರಿಗೆ ಆ ಅನುಮಾನವಿರಲಿಲ್ಲ. ಲೆಕ್ಕಪರಿಶೋಧನೆಯ ವೃತ್ತಿಯಲ್ಲಿದ್ದ ಅವರು ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಜತೆ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳ ಸಮೀಕ್ಷೆ ಮಾಡಿದರು. ರೈತರ ಆದಾಯ, ಸಾಲ, ಕಂದಾಯಗಳ ಆ ವರದಿ 1931ರಲ್ಲಿ ಅಚ್ಚಾಯಿತು. ಪ್ರಕೃತಿಯ ವ್ಯವಸ್ಥೆಯನ್ನು ಆಧರಿಸಿದ ಶಾಶ್ವತ ಆರ್ಥಿಕತೆಯ ಬಗ್ಗೆ ಮುಂದೆ ಜೈಲಿನಲ್ಲಿ ಕೂತು ಪುಸ್ತಕ ಬರೆದವರೂ ಅವರೇ. ಜಾರ್ಜೆಸ್ಕು-ರೋಗನ್ ಗ್ರಂಥಕ್ಕಿಂತ ಕಾಲು ಶತಮಾನ ಮೊದಲು ಬಂದ ಆ ಪುಸ್ತಕವನ್ನು ನಮ್ಮ ಎಂ.ಎ. ವಿದ್ಯಾರ್ಥಿ ಒಮ್ಮೆಯೂ ತೆರೆಯದೆ ಪದವಿ ಪಡೆಯುತ್ತಾನೆ ಎಂಬುದು ನನಗೆ ನೋವಿನ ಸಂಗತಿ.

ವಿದ್ಯಾವಿಷಯಕ ಪರಿಷತ್ತಿನ ಮುಂದಿನ ಸಭೆಗೆ ಇದನ್ನು ಘಟಕವಾಗಿ ಅಲ್ಲ, ಸ್ವತಂತ್ರ ಪತ್ರಿಕೆಯಾಗಿಯೇ ತನ್ನಿ. ಕಳಲೆ ಮೂಡುವುದು ಮಳೆಗಾಲದಲ್ಲಿ. ಬರುವ ಮಳೆಗಾಲಕ್ಕೇ ಮೊದಲ ತಂಡವನ್ನು ಕಾಡಿಗೆ ಕರೆದೊಯ್ಯಲು ಅನುಮತಿ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಅರ್ಥಶಾಸ್ತ್ರ ವಿಭಾಗದ ಒಬ್ಬ ಅಧ್ಯಾಪಕ