ಥಂಡಿಯಲ್ಲಿ ಹಟ ಹಿಡಿಯುವ ಗಾಡಿ



ಥಂಡಿಗಾಲ ಬಂತೆಂದರೆ ನಮ್ಮ ಕಾಳಗಿ, ಚಿಂಚೋಳಿ ಕಡೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಬಿಸಿಲಿಗಿಟ್ಟರೆ ಮತ್ತೆ ನೀರಾಗುತ್ತದೆ. ಸ್ಕೂಟರಿನ ರೇಸೂ ಹೀಗೇ ಮುಂಜಾನೆ ಹಟ ಹಿಡಿದು, ಮಧ್ಯಾಹ್ನ ಏನೂ ಅರಿಯದವರ ಹಾಗೆ ಇರುವುದುಂಟು. ಈಗ ನಮ್ಮ ಹೆಣ್ಣುಮಕ್ಕಳು ಶಾಲೆ, ದವಾಖಾನೆ ಅಂತ ನಸುಕಿನಲ್ಲೇ ಗಾಡಿ ತೆಗೆಯುತ್ತಾರೆ. ಅದಕ್ಕೇ ಈ ಸಲ ಒಲೆ ಬಿಟ್ಟು ಗಾಡಿಯ ಮಾತು.

ನಮ್ಮ ಓಣಿಯ ಹುಡುಗಿಯೊಬ್ಬಳು ನರ್ಸ್. ಡಿಸೆಂಬರಿನಲ್ಲಿ ವಾರಕ್ಕೆ ಒಂದೆರಡು ಸಲ, ಕೈ ಸಡಿಲ ಬಿಟ್ಟರೂ ರೇಸು ಇಳಿಯದೆ ಗಾಡಿ ಮುಂದಕ್ಕೆ ಎಳೆಯುತ್ತಿತ್ತು. ಗ್ಯಾರೇಜಿಗೆ ಒಯ್ದರೆ, "ಏನೂ ಆಗಿಲ್ಲಕ್ಕಾ, ನೀವೇ ಹೆದರ್ತೀರಿ" ಅಂದರು. ಮನೆಯಲ್ಲಿ, "ನಿನಗ ಗಾಡಿ ಬರೂದಿಲ್ಲ, ಬಸ್ಸಿಗೆ ಹೋಗು" ಅಂದರು. ಆಕೆಯ ತಪ್ಪೇನೂ ಇರಲಿಲ್ಲ ನೋಡ್ರಿ. ಗ್ಯಾರೇಜು ತೆಗೆಯುವ ಹೊತ್ತಿಗೆ ಬಿಸಿಲೇರಿ, ರೋಗವೇ ಅಡಗಿ ಕೂತಿರುತ್ತಿತ್ತು.

ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಡಾಕ್ಟರು ಏನು ಕೇಳುತ್ತಾರೆ? ಯಾವ ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು ಅಂತ. ಗಾಡಿಗೂ ಹಾಗೇ ಒಂದು ಚೀಟಿ ಇಡಿ. ಎಷ್ಟು ಗಂಟೆ, ರಾತ್ರಿ ಗಾಡಿ ಎಲ್ಲಿ ನಿಂತಿತ್ತು, ಹೊರಟು ಎಷ್ಟು ದೂರ ಹೋದ ಮೇಲೆ ಆಯಿತು ಎಂದು ಬರೆಯಿರಿ. ಮುಖ್ಯವಾಗಿ, ಕೈಹಿಡಿ ಬಿಗಿಯಾಗಿತ್ತೋ ಅಥವಾ ಕೈಹಿಡಿ ಸಲೀಸಾಗಿದ್ದು ಎಂಜಿನ್ ಮಾತ್ರ ಮುಗ್ಗರಿಸಿತೋ? ಇವು ಎರಡು ಬೇರೆ ಬೇರೆ ರೋಗ.

ಕೈಹಿಡಿ ಪರೀಕ್ಷೆ ಸುಲಭ. ನಸುಕಿನಲ್ಲಿ ಎಂಜಿನ್ ಚಾಲೂ ಮಾಡದೆ ರೇಸನ್ನು ಪೂರಾ ತಿರುಗಿಸಿ ಬಿಟ್ಟುಬಿಡಿ. 'ಟಕ್' ಎಂದು ತಾನೇ ಹಿಂದಕ್ಕೆ ಬರಬೇಕು. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಹೊರಳಿಸಿಯೂ ನೋಡಿ. ಮಧ್ಯಾಹ್ನ ಇದನ್ನೇ ಮತ್ತೊಮ್ಮೆ ಮಾಡಿ. ಮುಂಜಾನೆ ನಿಧಾನ, ಮಧ್ಯಾಹ್ನ ಚುರುಕು ಆದರೆ ಒಳಗೆ ಎಲ್ಲೋ ಜಿಡ್ಡು ಕಟ್ಟಿದೆ ಎಂದೇ ಲೆಕ್ಕ. ರೇಸಿನ ತಂತಿ ಒಂದು ಕೊಳವೆಯೊಳಗೆ ಜಾರುತ್ತದೆ. ಅಲ್ಲಿ ಹಳೆ ಎಣ್ಣೆಗೆ ಧೂಳು ಸೇರಿ ಹಿಟ್ಟಿನಂತಾಗಿ, ಥಂಡಿಗೆ ಗಟ್ಟಿಯಾಗುತ್ತದೆ. ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲುಗಣಿ ಇರುವ ಸೀಮೆ ನಮ್ಮದು, ಧೂಳಿಗೆ ಬರವೇ?

ತಂತಿಯದೋ ಕಾರ್ಬುರೇಟರಿನದೋ ತಿಳಿಯಲು ಮೆಕ್ಯಾನಿಕ್ ಕಡೆಯಿಂದ ತಂತಿಯ ಕೆಳತುದಿ ಬಿಚ್ಚಿಸಿ ಎಳೆಸಿ ನೋಡಿ. ಬಿಚ್ಚಿದ ಮೇಲೂ ಬಿಗಿ ಇದ್ದರೆ ತಂತಿಯದೇ ದೋಷ. ಸಲೀಸಾಗಿ ಜಾರಿದರೆ ಕಾರ್ಬುರೇಟರ್ ಬಿಚ್ಚಿ ಸ್ವಚ್ಛ ಮಾಡಿಸಬೇಕು. ಆದರೆ ಗಾಡಿಯನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು ಬನ್ನಿ, ಮುಂಜಾನೆ ತಣ್ಣಗಿರುವಾಗಲೇ ಅವರು ಮುಟ್ಟಿ ನೋಡಲಿ. ನಮ್ಮ ಹುಡುಗಿ ಹಾಗೇ ಮಾಡಿದಳು. ತಂತಿ ಒಳಗೆ ಎಳೆ ಬಿಚ್ಚಿ ಮುಳ್ಳಿನ ಹಾಗೆ ಎದ್ದಿತ್ತು, ಸುತ್ತ ಕರಿ ಜಿಡ್ಡು. ಹೊಸದು ಹಾಕಿಸಿದ ಮೇಲೆ ಗಾಡಿಯೂ ಸುಮ್ಮನಾಯಿತು, ಮನೆಯವರೂ ಸುಮ್ಮನಾದರು.

ಎಂಜಿನ್ ಮಾತ್ರ ಮುಗ್ಗರಿಸಿದರೆ ಬೇರೆ ಮಾತು. ಥಂಡಿಯಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ, ಆಗ ಎಂಜಿನ್ನಿಗೆ ಪೆಟ್ರೋಲು ತುಸು ಹೆಚ್ಚು ಬೇಕು. ಹಳೆ ಗಾಡಿಯಲ್ಲಿ ಅದಕ್ಕೇ ಚೋಕ್ ಇರುವುದು. ಎಂಜಿನ್ ಬಿಸಿಯಾದ ಕೂಡಲೇ ಅದನ್ನು ಹಿಂದಕ್ಕೆ ತಳ್ಳಿ. ಗಾಳಿ ಜಾಲರಿ, ಪ್ಲಗ್ ಕೂಡ ನೋಡಿಸಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಹೆಚ್ಚಾಗಿ ಕಾರ್ಬುರೇಟರ್ ಇಲ್ಲ. ಥಂಡಿ ಎಷ್ಟಿದೆ ಎಂದು ಸೆನ್ಸರ್ ಅಳೆದು ಪೆಟ್ರೋಲು ಬಿಡುತ್ತದೆ. ಅವುಗಳಲ್ಲಿ ಎಂಜಿನ್ ದೀಪ ಹತ್ತಿದರೆ ಕಂಪ್ಯೂಟರ್ ಹಚ್ಚಿ ನೋಡುವವರ ಕಡೆಗೇ ಒಯ್ಯಿರಿ. ಲಕ್ಷಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರಿಗೂ ಈ ಕಾಟ ತಪ್ಪಿದ್ದಲ್ಲ. ಗಾಳಿ ಒಳಬಿಡುವ ಅದರ ತಟ್ಟೆಗೆ ಮಸಿ, ಎಣ್ಣೆ ಹತ್ತಿದರೆ ಅದೂ ಥಂಡಿಗೆ ಅಂಟಿಕೊಳ್ಳುತ್ತದೆ.

ಇಷ್ಟು ನೆನಪಿಡಿ:

* ಓಡುವಾಗ ರೇಸು ಸಿಕ್ಕಿಕೊಂಡರೆ ಗಾಬರಿ ಬೇಡ. ಎರಡೂ ಬ್ರೇಕ್ ಹಿಡಿದು, ಕೀಲಿಯನ್ನು 'ಆಫ್'ವರೆಗೆ ಮಾತ್ರ ತಿರುಗಿಸಿ.
* ತಂತಿಗೆ ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಬೇಡಿ. ಯಾಕೆ ಅಂತ ಬಾಟಲಿಯೇ ಹೇಳುತ್ತದೆ.
* ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಬಿಸಿ ಮಾಡಬೇಡಿ. ಆ ಹೊಗೆ ಜೀವಕ್ಕೇ ಎರವು.
* ರೇಸು ತಾನಾಗಿ ಹಿಂದಕ್ಕೆ ಬಾರದ ಗಾಡಿಯನ್ನು ರಿಪೇರಿಯಾಗುವ ತನಕ ರಸ್ತೆಗೆ ಇಳಿಸಲೇಬೇಡಿ. ಆ ಒಂದು ದಿನ ಬಸ್ಸೇ ವಾಸಿ.

ಮುಂದಿನ ಸಂಚಿಕೆಯಲ್ಲಿ, ತೊಗರಿಬೇಳೆಗೆ ಹುಳ ಹತ್ತದಂತೆ ವರ್ಷವಿಡೀ ಇಡುವ ಬಗೆ.