ತುಕ್ಕು ತೆಗೆದ ಮೇಲಿನ ಒಂದು ಗಂಟೆ

ಮಳೆ ನಿಂತು ಅಕ್ಟೋಬರ್ ಬಿಸಿಲು ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗಿನ ಫ್ಲ್ಯಾಟುಗಳಲ್ಲಿ ತುಕ್ಕಿನ ಲೆಕ್ಕ ಶುರುವಾಗುತ್ತದೆ. ಬಾಲ್ಕನಿಯ ಗ್ರಿಲ್, ಬಾಗಿಲ ಚಿಲಕ, ಸೈಕಲ್ ಚೈನು, ಸ್ಪ್ಯಾನರು, ಊರಿನಿಂದ ತಂದ ಈಳಿಗೆಮಣೆ, ದೋಸೆ ಕಾವಲಿ: ನಾಲ್ಕು ತಿಂಗಳಲ್ಲಿ ಎಲ್ಲದರ ಮೇಲೂ ಕೆಂಪು ಪುಡಿ. ಆಗ ಎಲ್ಲರೂ ಕೇಳುವುದು, ಯಾವುದರಿಂದ ಬೇಗ ಹೋಗುತ್ತದೆ ಎಂದು. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ತುಕ್ಕು ಹೋದ ಮೇಲೆ ಎಷ್ಟು ಗಟ್ಟಿ ಲೋಹ ಉಳಿಯುತ್ತದೆ? ಉಳಿದದ್ದು ಮುಂದಿನ ಮಳೆಗಾಲ ದಾಟುತ್ತದೆಯೇ?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದರೆ ಕೆಲಸ ಇನ್ನೂ ಚುರುಕು. ಠಾಣೆ ಮತ್ತು ನವಿ ಮುಂಬಯಿಯ ಪಕ್ಕದಲ್ಲೇ ಉಪ್ಪುನೀರಿನ ಖಾರಿ ಇದೆ. ಕಲ್ಯಾಣ, ಡೊಂಬಿವಲಿಯ ಅಂಚಿನಲ್ಲಿ ಉಲ್ಹಾಸ ನದಿ. ಡೊಂಬಿವಲಿಯಲ್ಲೂ ತಳೋಜದಲ್ಲೂ ರಾಸಾಯನಿಕ ಕಾರ್ಖಾನೆಗಳಿವೆ. ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಒಣಹವೆಯ ಬಯಲುಸೀಮೆಯಲ್ಲಿ ಉಜ್ಜಿಟ್ಟ ಕಬ್ಬಿಣ ಒಂದೆರಡು ದಿನ ತಾಳಿಕೊಂಡೀತು. ಇಲ್ಲಿ ಒದ್ದೆ ಬಿಟ್ಟರೆ ಗಂಟೆಯೊಳಗೆ ಹಳದಿ ಛಾಯೆ ಮೂಡುತ್ತದೆ.

ಬೇಗ ಹೋಗಬೇಕೆನ್ನುವವರ ಕೈ ಮೊದಲು ಹೋಗುವುದು ಬಚ್ಚಲು ತೊಳೆಯುವ ಆ್ಯಸಿಡ್ ಬಾಟಲಿಗೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕು ನಿಮಿಷಗಳಲ್ಲಿ ಮಾಯವಾಗುತ್ತದೆ ನಿಜ, ಆದರೆ ಅದರ ಬೆನ್ನಿಗೇ ಒಳ್ಳೆಯ ಲೋಹವೂ ಕರಗುತ್ತದೆ. ಹದ ಹಾಕಿದ ಉಕ್ಕಿನ ಸ್ಪ್ರಿಂಗಿನೊಳಗೆ ಹೈಡ್ರೋಜನ್ ಸೇರಿ ಅದು ಪೆಡಸಾಗಬಹುದು. ಆವಿ ತಾಗಿದ ಪಕ್ಕದ ಉಪಕರಣಗಳಿಗೂ ತುಕ್ಕು ಬರುತ್ತದೆ. ಪೂರ್ತಿ ತೊಳೆಯದೆ ಉಳಿದ ಕ್ಲೋರೈಡ್ ಹೊಸ ತುಕ್ಕಿಗೆ ಬೀಜ. ಬ್ಲೀಚಿನ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಮನೆಯ ತುಕ್ಕಿಗೆ ಈ ಬಾಟಲಿ ಬೇಡವೇ ಬೇಡ.

ವಿನೆಗರ್ ಸೌಮ್ಯ. ಅಡುಗೆ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ನೂರಕ್ಕೆ 4–5 ಭಾಗ ಮಾತ್ರ. ರಾತ್ರಿ ಮುಳುಗಿಸಿ ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿದರೆ ಸಣ್ಣ ಬೋಲ್ಟು, ಚಿಲಕ ಚೊಕ್ಕವಾಗುತ್ತವೆ. ಅದಕ್ಕಿಂತ ಅಗ್ಗ ಮತ್ತು ವಾಸನೆಯಿಲ್ಲದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು. ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 50 ಗ್ರಾಂ ಹಾಕಿ ಕೆಲವು ಗಂಟೆ ಬಿಟ್ಟರೆ ಸಾಕು. ಎರಡೂ ಆಮ್ಲಗಳೇ, ಮರೆತು ಮೂರು ದಿನ ಬಿಟ್ಟರೆ ಇವೂ ಲೋಹವನ್ನು ತಿನ್ನುತ್ತವೆ. ಸತುವಿನ ಲೇಪವಿರುವ ವಸ್ತುಗಳನ್ನು ಇವುಗಳಲ್ಲಿ ಹಾಕಲೇಬಾರದು. ತುಕ್ಕಿಗಿಂತ ಮೊದಲು ಕರಗುವುದು ಆ ಲೇಪವೇ.

ಒಳ್ಳೆಯ ಲೋಹವನ್ನು ಮುಟ್ಟದ ವಿಧಾನವೆಂದರೆ ವಿದ್ಯುತ್ತಿನದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕದಡಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರು, ತುಕ್ಕಿನ ಭಾಗ ಋಣ ತುದಿಗೆ, ಗುಜರಿ ಕಬ್ಬಿಣದ ತುಂಡು ಧನ ತುದಿಗೆ. ಹಳೆಯ ವೈಸ್, ರಂಧೆಯ ಅಲಗಿನಂಥ ಬೆಲೆಯುಳ್ಳ ವಸ್ತುಗಳಿಗೆ ಇದೇ ಉತ್ತಮ. ಆದರೆ ಸೋಡಾದ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ, ಧನ ತುದಿಗೆ ಸ್ಟೀಲ್ ಚಮಚ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಗಾಳಿಯಾಡುವ ಬಾಲ್ಕನಿಯಲ್ಲೇ, ಬೆಂಕಿಯಿಂದ ದೂರ ಮಾಡಬೇಕು. ಮಕ್ಕಳು ಓಡಾಡುವ ಒಂದು ಬೆಡ್‌ರೂಮಿನ ಮನೆಗೆ ಇದು ಹೇಳಿಸಿದ್ದಲ್ಲ. ಅಲ್ಲಿ ನಿಂಬೆ ಉಪ್ಪೇ ಸರಿ.

ಯಾವುದರಲ್ಲಿ ಮುಳುಗಿಸಿದರೂ ಕೊನೆಯ ಹೆಜ್ಜೆ ಒಂದೇ. ಚೆನ್ನಾಗಿ ತೊಳೆದು, ಆಮ್ಲವಾಗಿದ್ದರೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ, ಬಿಸಿಲಿಗೋ ಹೇರ್ ಡ್ರೈಯರಿಗೋ ಹಿಡಿದು, ಆ ಗಂಟೆಯೊಳಗೇ ಎಣ್ಣೆ ಅಥವಾ ಪ್ರೈಮರ್ ಹಚ್ಚಬೇಕು. ಕಾವಲಿಗೆ ಅಡುಗೆ ಎಣ್ಣೆ ಸವರಿ ಕಾಯಿಸಿದರೆ ಆಯಿತು. ಈ ಗಂಟೆಯನ್ನು ತಪ್ಪಿಸಿದವರಿಗೆ ಎಲ್ಲ ವಿಧಾನಗಳೂ ಒಂದೇ ಸಮ: ದಂಡ.

ಇನ್ನು ಮುಳುಗಿಸಲಾಗದ ಗ್ರಿಲ್. ದೀಪಾವಳಿಗೆ ಮುಂಚೆ ತುಕ್ಕಿನ ಮೇಲೇ ಬಣ್ಣ ಬಳಿಸುವುದು ಈ ಭಾಗದಲ್ಲಿ ಅಪರೂಪವಲ್ಲ. ಆ ಬಣ್ಣದ ಕೆಳಗೆ ತುಕ್ಕು ತನ್ನ ಪಾಡಿಗೆ ಬೆಳೆಯುತ್ತದೆ. ವೈರ್ ಬ್ರಷ್ಷಿನಿಂದ ಸಡಿಲು ಪದರವೆಲ್ಲ ಕೆರೆದು, ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಿದರೆ ಉಳಿದ ತುಕ್ಕು ಕಬ್ಬಿಣದ ಫಾಸ್ಫೇಟ್ ಆಗುತ್ತದೆ. ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷ ನಿಂತಿರುವುದಕ್ಕೂ ಫಾಸ್ಫೇಟಿನ ಇಂಥದೇ ಪದರ ನೆರವಾಗಿದೆ. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ.

ಅದಕ್ಕೂ ಮೊದಲು ಗ್ರಿಲ್ ಗೋಡೆ ಸೇರುವ ಬುಡವನ್ನು ನೋಡಬೇಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಸಿಮೆಂಟನ್ನು ಒಳಗಿನಿಂದಲೇ ಸೀಳುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ಪದರ ಕುಸಿದು ತುದಿ ಒಳಗೆ ಹೋದರೆ ವಿನೆಗರೂ ಬೇಡ, ಕನ್ವರ್ಟರೂ ಬೇಡ, ವೆಲ್ಡರನ್ನು ಕರೆಸಬೇಕು. ಆರನೆಯ ಮಹಡಿಯಲ್ಲಿ ಮಗುವೊಂದು ಆ ಗ್ರಿಲ್ಲಿಗೆ ಒರಗಿ ಕೆಳಗಿನ ರಸ್ತೆ ನೋಡುತ್ತದೆ. ಅದರ ಭಾರ ಹೊರುವುದು ಬಣ್ಣವಲ್ಲ, ಬಣ್ಣದ ಕೆಳಗೆ ಉಳಿದಿರುವ ಕಬ್ಬಿಣ.