ಅಕ್ಕಿ ಎರಚಿದ ಊರುಗಳೇ ತಿರುಗಿಬಿದ್ದಾಗ: ದಕ್ಷಿಣ ಲೆಬನಾನ್‌ನಲ್ಲಿ ಗೆರಿಲ್ಲಾ ಯುದ್ಧ ಬೆಳೆದದ್ದು ಹೇಗೆ?

2024ರ ನವೆಂಬರ್ 27ರ ಕದನ ವಿರಾಮದ ಪ್ರಕಾರ ಇಸ್ರೇಲ್ ಸೇನೆ ದಕ್ಷಿಣ ಲೆಬನಾನ್‌ನಿಂದ ಪೂರ್ತಿ ವಾಪಸಾಗಬೇಕಿತ್ತು. ವಿಸ್ತರಿಸಿದ ಗಡುವು 2025ರ ಫೆಬ್ರವರಿ 18ಕ್ಕೆ ಮುಗಿದಾಗ ಅದು ಹಳ್ಳಿಗಳನ್ನು ಬಿಟ್ಟಿತು, ಗಡಿಯಂಚಿನ ಐದು ನೆಲೆಗಳನ್ನು ಬಿಡಲಿಲ್ಲ. ಇದು ತಾತ್ಕಾಲಿಕ ಎಂದಿತು. ಆ ಭಾಗದ ಜನ ಈ ಮಾತನ್ನು ಹಿಂದೆಯೂ ಕೇಳಿದ್ದಾರೆ. ಆ ಸಲ 'ತಾತ್ಕಾಲಿಕ' ಎಂಬುದು 18 ವರ್ಷ ಎಳೆದಿತ್ತು.

1982ರ ಜೂನ್ 6ರಂದು ಇಸ್ರೇಲ್ ಲೆಬನಾನ್‌ಗೆ ನುಗ್ಗಿತು. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯನ್ನು (ಪಿಎಲ್‌ಒ) ಗಡಿಯಿಂದ 40 ಕಿ.ಮೀ. ಆಚೆ ಅಟ್ಟುವುದಷ್ಟೇ ಉದ್ದೇಶ ಎಂದು ಹೇಳಿತ್ತು. ಸೇನೆ ಹೋಗಿ ನಿಂತದ್ದು ರಾಜಧಾನಿ ಬೈರೂತ್‌ನಲ್ಲಿ. ಇಂದು ನಂಬುವುದು ಕಷ್ಟ, ಆದರೆ ದಕ್ಷಿಣದ ಹಲವು ಶಿಯಾ ಹಳ್ಳಿಗಳಲ್ಲಿ ಜನ ಆ ಸೈನಿಕರನ್ನು ಅಕ್ಕಿ ಎರಚಿ ಸ್ವಾಗತಿಸಿದ್ದರು. ಪಿಎಲ್‌ಒ ತಮ್ಮ ಊರಿನಿಂದ ರಾಕೆಟ್ ಹಾರಿಸುವುದು, ಇಸ್ರೇಲಿನ ಪ್ರತಿದಾಳಿಗೆ ತಮ್ಮ ಮನೆ ಬೀಳುವುದು ಅವರಿಗೆ ಸಾಕಾಗಿ ಹೋಗಿತ್ತು.

ಸೆಪ್ಟೆಂಬರ್ ಹೊತ್ತಿಗೆ ಪಿಎಲ್‌ಒ ಹೋರಾಟಗಾರರು ಬೈರೂತ್‌ನಿಂದ ಹೊರಟುಹೋದರು. ಬಂದ ಕೆಲಸ ಮುಗಿದಿತ್ತು. ಸೇನೆ ಮಾತ್ರ ಹೊರಡಲಿಲ್ಲ.

ಹೋರಾಡಲು ಎದುರಾಳಿ ಇಲ್ಲದ ಸೇನೆ ಏನು ಮಾಡುತ್ತದೆ? ರಸ್ತೆಯಲ್ಲಿ ಚೆಕ್‌ಪೋಸ್ಟ್ ಹಾಕುತ್ತದೆ, ಮನೆ ಶೋಧಿಸುತ್ತದೆ, ಅನುಮಾನ ಬಂದವರನ್ನು ಹಿಡಿದೊಯ್ಯುತ್ತದೆ. ಅನ್ಸಾರ್ ಶಿಬಿರದಲ್ಲಿ ಸಾವಿರಾರು ಮಂದಿಯನ್ನು ಕೂಡಿಹಾಕಲಾಯಿತು. 1983ರ ಸೆಪ್ಟೆಂಬರ್‌ನಲ್ಲಿ ಸೇನೆ ಅವಾಲಿ ನದಿಯವರೆಗೆ ಹಿಂದೆ ಸರಿದಾಗ ಆ ನದಿಯೇ ಗಡಿಯಂತಾಯಿತು. ತನ್ನದೇ ದೇಶದ ರಾಜಧಾನಿಗೆ ಹೋಗಲು ದಕ್ಷಿಣದವನು ವಿದೇಶಿ ಸೈನಿಕನ ಮುಂದೆ ಕಾಯಬೇಕಾಯಿತು. ಊರಿನ ಮನಸ್ಸು ಮುರಿದದ್ದು ದೊಡ್ಡ ರಾಜಕೀಯಕ್ಕಿಂತ ಹೆಚ್ಚಾಗಿ ಇಂಥ ಕಾಯುವಿಕೆಯಲ್ಲೇ ಎನಿಸುತ್ತದೆ.

ಕಿಡಿ ಹೊತ್ತಿದ್ದು 1983ರ ಅಕ್ಟೋಬರ್ 16ರಂದು. ನಬಾತಿಯೆ ಪಟ್ಟಣದಲ್ಲಿ ಶಿಯಾಗಳ ಶೋಕದಿನ ಅಶೂರಾ ಆಚರಣೆಗೆ ಸಾವಿರಾರು ಜನ ಸೇರಿದ್ದರು. ಆ ಜನಸಂದಣಿಯ ನಡುವೆಯೇ ಇಸ್ರೇಲ್ ಸೇನಾ ವಾಹನಗಳು ದಾರಿ ಮಾಡಿಕೊಂಡು ಹೋಗಲು ನೋಡಿದವು. ಜನ ಕಲ್ಲು ತೂರಿದರು, ವಾಹನ ಉರುಳಿಸಿದರು. ಸೈನಿಕರು ಗುಂಡು ಹಾರಿಸಿದರು, ಸಾವುಗಳಾದವು. ಆ ಬಳಿಕ ಹಿರಿಯ ಧರ್ಮಗುರು ಮೊಹಮ್ಮದ್ ಮಹ್ದಿ ಶಂಸುದ್ದೀನ್ ಅವರೇ ಸೇನೆಯ ವಿರುದ್ಧ ನಾಗರಿಕ ಪ್ರತಿರೋಧಕ್ಕೆ ಕರೆ ಕೊಟ್ಟರು.

ಇದರಲ್ಲಿ ಇರಾನ್ ಕೈವಾಡ ಇರಲಿಲ್ಲವೇ? ಖಂಡಿತ ಇತ್ತು. ಬೆಕಾ ಕಣಿವೆಯಲ್ಲಿ ಇರಾನಿನ ರೆವಲ್ಯೂಷನರಿ ಗಾರ್ಡ್ಸ್ ಹಣ, ತರಬೇತಿ ಎರಡನ್ನೂ ಕೊಟ್ಟಿತು. ಹಿಜ್ಬುಲ್ಲಾ ಬೆಳೆದದ್ದು ಹಾಗೆ. ಆದರೆ ರಸ್ತೆಬದಿ ಬಾಂಬ್ ಇಡಲು ಹೊರಟ ಹುಡುಗರು ಇದೇ ಊರುಗಳವರು. ಬಾಂಬ್ ಸಿಡಿದರೆ ಊರಿನ ಮೇಲೆ ದಾಳಿ, ದಾಳಿಯಾದರೆ ಬಂಧನ, ಬಂಧಿತನ ತಮ್ಮ ಮರುತಿಂಗಳು ಬಂದೂಕು ಹಿಡಿಯುತ್ತಿದ್ದ. 1985ರ ಆರಂಭದಲ್ಲಿ ಇಸ್ರೇಲ್ ಇನ್ನಷ್ಟು ಬಿಗಿ ಮಾಡಿತು, ದಾಳಿಗಳೂ ಹೆಚ್ಚಿದವು.

ಅದೇ ವರ್ಷ ಸೇನೆ ಗಡಿಯುದ್ದದ 'ಭದ್ರತಾ ವಲಯ'ಕ್ಕೆ ಸರಿಯಿತು. ದಕ್ಷಿಣ ಲೆಬನಾನ್ ಸೇನೆ ಎಂಬ ಸ್ಥಳೀಯ ಪಡೆಗೆ ಸಂಬಳ ಕೊಟ್ಟು ಜತೆಗಿಟ್ಟುಕೊಂಡಿತು. ಖಿಯಾಮ್ ಜೈಲು ನಡೆಸಿದ್ದು ಈ ಪಡೆಯೇ. ಊರೊಳಗೆ ಊರಿನವರದೇ ಪಹರೆ ಎಂದರೆ ದ್ವೇಷ ಇನ್ನೂ ಹತ್ತಿರದ್ದಾಗುತ್ತದೆ. ಗುಡ್ಡದ ಮೇಲಿನ ಠಾಣೆಗಳು ಉತ್ತರ ಇಸ್ರೇಲನ್ನು ಕಾಯಬೇಕಿತ್ತು. ಬರಬರುತ್ತಾ ಆ ಠಾಣೆಗಳನ್ನು ಕಾಯುವುದೇ ಕೆಲಸವಾಯಿತು. ರಸ್ತೆ ಅಪಾಯವೆಂದು ಹೆಲಿಕಾಪ್ಟರ್ ಬಳಸಿದರು. 1997ರ ಫೆಬ್ರವರಿ 4ರಂದು ಲೆಬನಾನ್‌ಗೆ ಹೊರಟಿದ್ದ ಎರಡು ಹೆಲಿಕಾಪ್ಟರ್‌ಗಳು ಡಿಕ್ಕಿಯಾಗಿ 73 ಸೈನಿಕರು ಸತ್ತರು. ಆಮೇಲೆ ಸೈನಿಕರ ತಾಯಂದಿರೇ ವಾಪಸಾತಿಗೆ ಪಟ್ಟು ಹಿಡಿದರು. 2000ದ ಮೇ 24ಕ್ಕೆ ಕೊನೆಯ ತುಕಡಿ ಹೊರಬಿತ್ತು. ಸಂಬಳದ ಪಡೆ ಅದಕ್ಕೂ ಮೊದಲೇ ಚದುರಿಹೋಗಿತ್ತು.

ಇತಿಹಾಸ ಹಾಗೆಯೇ ಮರುಕಳಿಸುತ್ತದೆ ಎನ್ನಲಾಗದು. 2024ರಲ್ಲಿ ಹಿಜ್ಬುಲ್ಲಾ ತನ್ನ ನಾಯಕ ಹಸನ್ ನಸ್ರಲ್ಲಾನನ್ನು ಕಳೆದುಕೊಂಡಿತು. ಲೆಬನಾನ್‌ನ ಸೇನೆ ದಕ್ಷಿಣಕ್ಕೆ ಬಂತು. 1998ರಿಂದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಅಲ್ಲಿರುವ ಭಾರತದ ಬೆಟಾಲಿಯನ್ ಇವೆಲ್ಲವನ್ನೂ ಹತ್ತಿರದಿಂದ ಕಂಡಿದೆ. ಆದರೆ ಐದು ನೆಲೆಗಳನ್ನು ಉಳಿಸಿಕೊಳ್ಳಲು ಇಸ್ರೇಲ್ ಕೊಟ್ಟ ಕಾರಣ ಉತ್ತರದ ತನ್ನ ಊರುಗಳ ರಕ್ಷಣೆ. 1985ರಲ್ಲಿ ಕೊಟ್ಟಿದ್ದೂ ಅದನ್ನೇ.